ಕೈಯಿಂದ ಕೈಗೆ ಬರುವ ಶುಚಿಯ ಪಾಠ

ಇಳಕಲ್ ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ಈ ಕೆಲಸ ಪುಸ್ತಕ ಓದಿದರೆ ಬರುವುದಿಲ್ಲ. ಮಗ್ಗದ ಬಳಿ ಹಿರಿಯರ ಪಕ್ಕದಲ್ಲಿ ಕುಳಿತು, ತಪ್ಪಿ, ತಿದ್ದಿಸಿಕೊಂಡು ಕಲಿಯಬೇಕು. ಆಸ್ಪತ್ರೆಯಲ್ಲಿ ಸೋಂಕು ಹರಡದಂತೆ ತಡೆಯುವ ವಿದ್ಯೆಯೂ ಇದೇ ಜಾತಿಯದು. ಅದರ ಚರಿತ್ರೆಯ ಒಂದು ಎಳೆ ಉತ್ತರ ಕರ್ನಾಟಕವನ್ನೂ ಹಾದುಹೋಗಿದೆ.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಆ ಪ್ರಾಂತದ ಕನ್ನಡ ಸೀಮೆಗೂ ಬಂತು. ಬಾಗಲಕೋಟೆ, ಬಾದಾಮಿ, ಹುನಗುಂದಗಳು ಆಗ ವಿಜಾಪುರ ಜಿಲ್ಲೆಗೆ ಸೇರಿದ್ದವು. ನೆರೆಯ ಧಾರವಾಡ ಜಿಲ್ಲೆಯ ಹುಬ್ಬಳ್ಳಿಯಲ್ಲಿ 1898ರಲ್ಲಿ ಪ್ಲೇಗು ಉಗ್ರವಾದಾಗ, ವಾಲ್ಡೆಮಾರ್ ಹಾಫ್‌ಕಿನ್ ಮುಂಬಯಿಯಲ್ಲಿ ಸಿದ್ಧಪಡಿಸಿದ ಲಸಿಕೆಯನ್ನು ಸಾವಿರಾರು ಜನರಿಗೆ ಚುಚ್ಚಲಾಯಿತು. ಇಂಥ ಕೆಲಸಕ್ಕೆ ವೈದ್ಯರಷ್ಟೇ ಸಾಲದು. ಸಲಕರಣೆ ಶುದ್ಧಗೊಳಿಸುವ, ಬಾಟಲಿ ತೆರೆಯುವ ಸಹಾಯಕರೂ ಬೇಕು. ಅವರ ಕೈಯಲ್ಲಿ ಎಷ್ಟು ಜೀವಗಳಿರುತ್ತವೆ ಎಂಬುದು ನಾಲ್ಕು ವರ್ಷಗಳ ನಂತರ ಪಂಜಾಬಿನಲ್ಲಿ ತಿಳಿಯಿತು.

1902ರ ಅಕ್ಟೋಬರ್ 30ರಂದು ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನ ಇದೇ ಲಸಿಕೆ ಪಡೆದರು. ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಎಲ್ಲರಿಗೂ ಒಂದೇ ಬಾಟಲಿಯ ಲಸಿಕೆ ಹೋಗಿತ್ತು. ಆರೋಪ ಹಾಫ್‌ಕಿನ್ ಮೇಲೆ ಬಂತು. ಅವರು ಹುದ್ದೆಯಿಂದ ದೂರವಾಗಬೇಕಾಯಿತು. ನಿಜಸಂಗತಿ ಬೇರೆಯೇ ಇತ್ತು. ಬಾಟಲಿ ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಗೊಳಿಸದೆ ಮತ್ತೆ ಬಳಸಲಾಗಿತ್ತು. ರೊನಾಲ್ಡ್ ರಾಸ್ ಮುಂತಾದ ವಿಜ್ಞಾನಿಗಳ ವಾದದಿಂದ 1907ರಲ್ಲಿ ಹಾಫ್‌ಕಿನ್ ದೋಷಮುಕ್ತರಾದರು. ಆದರೆ ಇಕ್ಕಳ ಬಿದ್ದ ಆ ಗಳಿಗೆಯಲ್ಲಿ ‘ನಿಲ್ಲಿಸು’ ಎಂದು ಯಾರೂ ಹೇಳಲಿಲ್ಲ ಎಂಬುದೇ ಆ ದುರಂತದ ಪಾಠ.

ಹಾಗೆ ಹೇಳುವುದನ್ನೇ ಕೆಲಸವಾಗಿ ಉಳ್ಳ ಹುದ್ದೆ ಹುಟ್ಟಲು ಇನ್ನೂ ಅರ್ಧ ಶತಮಾನ ಹಿಡಿಯಿತು. ಪೆನಿಸಿಲಿನ್‌ಗೆ ಬಗ್ಗದ ರೋಗಾಣುಗಳು ವಾರ್ಡುಗಳಲ್ಲಿ ಹರಡತೊಡಗಿದಾಗ, 1959ರಲ್ಲಿ ಇಂಗ್ಲೆಂಡಿನ ಟೋರ್‌ಬೇಯಲ್ಲಿ ಸೋಂಕು ನಿಯಂತ್ರಣಕ್ಕೆಂದೇ ಒಬ್ಬ ನರ್ಸನ್ನು ನೇಮಿಸಲಾಯಿತು. 250 ಹಾಸಿಗೆಗಳಿಗೆ ಇಂಥ ಒಬ್ಬ ನರ್ಸ್, ತರಬೇತಾದ ವೈದ್ಯ ಹಾಗೂ ಸತತ ನಿಗಾ ಇದ್ದ ಕಡೆ ಆಸ್ಪತ್ರೆ ಸೋಂಕು ಸುಮಾರು ಮೂರನೇ ಒಂದರಷ್ಟು ತಗ್ಗಿತೆಂದು 1985ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ಭಾರತದ ರಾಷ್ಟ್ರೀಯ ಮಾರ್ಗಸೂಚಿ ಬಂದದ್ದು 2020ರಲ್ಲಿ.

ಇಂದು ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಗಾಗಲಿ, ಬಾದಾಮಿ, ಹುನಗುಂದಗಳ ತಾಲ್ಲೂಕು ಆಸ್ಪತ್ರೆಗಳಿಗಾಗಲಿ ಅನ್ವಯಿಸುವ ನಿಯಮಗಳು ಒಂದೇ. ರೋಗಿಯನ್ನು ಮುಟ್ಟುವ ಮೊದಲೂ ನಂತರವೂ ಕೈ ತೊಳೆಯಬೇಕು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು. ರಕ್ತ ತಾಗಿದ ಹತ್ತಿ ಹಳದಿ ಚೀಲಕ್ಕೆ, ಕೈಗವಸು ಕೆಂಪು ಚೀಲಕ್ಕೆ, ಸೂಜಿ ಬಿಳಿ ಡಬ್ಬಿಗೆ ಹೋಗಬೇಕು. ಇವನ್ನು ಬಾಯಿಪಾಠ ಮಾಡಲು ಒಂದು ದಿನ ಸಾಕು. ಆದರೆ ಹೆರಿಗೆ ಕೋಣೆಯಲ್ಲಿ ಏಕಕಾಲಕ್ಕೆ ಇಬ್ಬರಿಗೆ ನೋವು ಬಂದಾಗ ಅದೇ ನಿಯಮ ಕೈಗೆ ತಾನಾಗಿ ನೆನಪಾಗಬೇಕಾದರೆ, ಹಿರಿಯ ಸಿಸ್ಟರ್ ಜೊತೆ ತಿಂಗಳುಗಟ್ಟಲೆ ವಾರ್ಡು ಸುತ್ತಬೇಕು.

ಇನ್ನೂ ಕಷ್ಟದ ಪಾಠವೊಂದಿದೆ. ‘ಸರ್, ಕೈ ತೊಳೆದುಕೊಳ್ಳಿ’ ಎಂದು ದೊಡ್ಡ ಡಾಕ್ಟರಿಗೆ ಹೇಳಲು ಹೊಸಬರಿಗೆ ನಾಲಿಗೆ ಏಳುವುದಿಲ್ಲ. ಮೊದಲ ಸಲ ಹಾಗೆ ಹೇಳಿದಾಗ ಬೆನ್ನಿಗೆ ನಿಲ್ಲುವವರೇ ನಿಜವಾದ ಗುರು. ಹಾಗೆ ನಿಲ್ಲುವವರಿಲ್ಲದಿದ್ದರೆ ಕಲಿತ ನಿಯಮ ಗೋಡೆಯ ಮೇಲಿನ ಫಲಕದಲ್ಲೇ ಉಳಿಯುತ್ತದೆ.

ಇಳಕಲ್ಲಿನ ಮಗ್ಗದಲ್ಲಿ ಕೊಂಡಿ ತಪ್ಪಿದರೆ ಕೂಡಲೇ ಕಣ್ಣಿಗೆ ಬೀಳುತ್ತದೆ. ಬಿಚ್ಚಿ ಮತ್ತೆ ಹಾಕಬಹುದು. ಆಸ್ಪತ್ರೆಯ ತಪ್ಪು ಕಣ್ಣಿಗೆ ಕಾಣದು. ಮಲ್ಕೋವಾಲಿನಲ್ಲೂ ಅದು ಬಯಲಾಗಲು ಸುಮಾರು ಒಂದು ವಾರ ಬೇಕಾಯಿತು. ಆಗ ಬಿಚ್ಚಿ ಸರಿಪಡಿಸಲು ಏನೂ ಉಳಿದಿರಲಿಲ್ಲ.