ಬುಧಿ ಕುಂದರನ್

ಬುಧಿಸಾಗರ ಕೃಷ್ಣಪ್ಪ ಕುಂದರನ್ (ಅಕ್ಟೋಬರ್ 2, 1939 – ಜೂನ್ 23, 2006) ಭಾರತ ಕ್ರಿಕೆಟ್ ತಂಡದ ವಿಕೆಟ್ ಕೀಪರ್ ಹಾಗೂ ಬ್ಯಾಟ್ಸ್‌ಮನ್. ಕರಾವಳಿ ಕರ್ನಾಟಕದ ಮೂಲ್ಕಿಯಲ್ಲಿ ಜನಿಸಿದ ಇವರು 1960ರಿಂದ 1967ರವರೆಗೆ 18 ಟೆಸ್ಟ್ ಪಂದ್ಯಗಳನ್ನು ಆಡಿದರು. ದೇಶೀಯ ಕ್ರಿಕೆಟ್‌ನಲ್ಲಿ ರೈಲ್ವೇಸ್ ಮತ್ತು ಮೈಸೂರು ತಂಡಗಳನ್ನು ಪ್ರತಿನಿಧಿಸಿ, ಬಳಿಕ ಸ್ಕಾಟ್ಲೆಂಡಿನಲ್ಲಿ ವೃತ್ತಿಪರ ಆಟಗಾರರಾಗಿ ನೆಲೆಸಿದರು. 1964ರಲ್ಲಿ ಮದರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ಇವರು ಗಳಿಸಿದ 192 ರನ್, ಭಾರತದ ವಿಕೆಟ್ ಕೀಪರ್ ಒಬ್ಬರ ಅತ್ಯಧಿಕ ಟೆಸ್ಟ್ ಮೊತ್ತವಾಗಿ 49 ವರ್ಷ ಉಳಿಯಿತು. ಇಷ್ಟಾದರೂ ಭಾರತ ತಂಡದಲ್ಲಿ ಇವರಿಗೆ ಕಾಯಂ ಸ್ಥಾನ ದೊರೆಯಲಿಲ್ಲ.

ಹಿನ್ನೆಲೆ

ಮೂಲ್ಕಿಯು ಶಾಂಭವಿ ನದಿಯ ದಂಡೆಯ ಮೇಲೆ, ಮಂಗಳೂರು ಮತ್ತು ಉಡುಪಿಗಳ ನಡುವೆ ಇರುವ ಪಟ್ಟಣ. ಕುಂದರನ್ ಜನಿಸಿದಾಗ ಮಂಗಳೂರು, ಉಡುಪಿ, ಕಾರ್ಕಳ ಮತ್ತು ಕಾಸರಗೋಡುಗಳೆಲ್ಲ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಆ ಕಾಲದಲ್ಲಿ ಕರಾವಳಿಯ ಅನೇಕ ಕುಟುಂಬಗಳು ಜೀವನೋಪಾಯಕ್ಕಾಗಿ ಮುಂಬಯಿಗೆ ವಲಸೆ ಹೋಗುತ್ತಿದ್ದವು. ಕುಂದರನ್ ಕ್ರಿಕೆಟ್ ಕಲಿತು ಬೆಳೆದದ್ದೂ ಮುಂಬಯಿಯಲ್ಲೇ. ಮನೆಯಲ್ಲಿ ಅನುಕೂಲ ಕಡಿಮೆಯಿದ್ದು, ಆಟಕ್ಕೆ ಬೇಕಾದ ಸಲಕರಣೆಗಳನ್ನು ಹೊಂದಿಸಿಕೊಳ್ಳುವುದೂ ಕಷ್ಟವಾಗಿತ್ತು. ಅವರ ಹೆಸರು ಆರಂಭದ ದಾಖಲೆಗಳಲ್ಲಿ ‘ಕುಂದರಂ’ ಎಂದು ಕಂಡುಬರುತ್ತದೆ.

ಟೆಸ್ಟ್ ಪದಾರ್ಪಣೆ

ರಣಜಿ ಟ್ರೋಫಿಯಲ್ಲಿ ಒಂದು ಪಂದ್ಯವನ್ನೂ ಆಡುವ ಮೊದಲೇ ಕುಂದರನ್ ಟೆಸ್ಟ್ ತಂಡಕ್ಕೆ ಆಯ್ಕೆಯಾದರು. ಆಸ್ಟ್ರೇಲಿಯಾ ವಿರುದ್ಧದ ಸರಣಿಯ ಮೂರನೆಯ ಟೆಸ್ಟ್ ಜನವರಿ 1, 1960ರಂದು ಮುಂಬಯಿಯ ಬ್ರಬೋರ್ನ್ ಕ್ರೀಡಾಂಗಣದಲ್ಲಿ ಆರಂಭವಾದಾಗ ಅವರ ವಯಸ್ಸು 20. ಸ್ವಂತ ಕೈಗವಸುಗಳಿಲ್ಲದ ಕಾರಣ ಅವರು ವಿಕೆಟ್ ಕೀಪರ್ ನರೇನ್ ತಮ್ಹಾಣೆಯವರಿಂದ ಅವನ್ನು ಎರವಲು ಪಡೆದಿದ್ದರು. ಕುಂದರನ್ ಆಯ್ಕೆಯಿಂದ ಸ್ಥಾನ ಕಳೆದುಕೊಂಡವರೂ ತಮ್ಹಾಣೆಯವರೇ ಆಗಿದ್ದರು.

ಮದರಾಸಿನಲ್ಲಿ ನಡೆದ ಮುಂದಿನ ಟೆಸ್ಟ್‌ನಲ್ಲಿ ಅವರನ್ನು ಆರಂಭಿಕ ಆಟಗಾರರನ್ನಾಗಿ ಕಳುಹಿಸಲಾಯಿತು. ಭಾರತ 149 ರನ್‌ಗಳಿಗೆ ಆಲೌಟಾದ ಆ ಇನ್ನಿಂಗ್ಸ್‌ನಲ್ಲಿ ಕುಂದರನ್ ಒಬ್ಬರೇ 71 ರನ್ ಗಳಿಸಿದರು. ಅದೇ ಋತುವಿನಲ್ಲಿ ರೈಲ್ವೇಸ್ ಪರವಾಗಿ ಆಡಿದ ತಮ್ಮ ಮೊದಲ ರಣಜಿ ಪಂದ್ಯದಲ್ಲಿ ಜಮ್ಮು ಮತ್ತು ಕಾಶ್ಮೀರದ ವಿರುದ್ಧ 205 ರನ್ ಬಾರಿಸಿದರು. ಇದು ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ಅವರ ಗರಿಷ್ಠ ಮೊತ್ತವಾಗಿ ಉಳಿಯಿತು.

ಸ್ಥಾನಕ್ಕಾಗಿ ಪೈಪೋಟಿ

ತಂಡವೊಂದರಲ್ಲಿ ಬ್ಯಾಟ್ಸ್‌ಮನ್‌ಗಳಿಗೆ ಐದಾರು ಸ್ಥಾನಗಳಿದ್ದರೆ ವಿಕೆಟ್ ಕೀಪರ್‌ಗೆ ಇರುವುದು ಒಂದೇ. 1961ರ ಡಿಸೆಂಬರ್‌ನಲ್ಲಿ ಫರೂಕ್ ಎಂಜಿನಿಯರ್ ಟೆಸ್ಟ್ ಪದಾರ್ಪಣೆ ಮಾಡಿದ ಬಳಿಕ ಆ ಒಂದು ಸ್ಥಾನಕ್ಕೆ ಇಬ್ಬರು ಸಮಬಲರು ಸ್ಪರ್ಧಿಸುವಂತಾಯಿತು. ಇಬ್ಬರೂ ಆಕ್ರಮಣಕಾರಿ ಬ್ಯಾಟಿಂಗ್‌ಗೆ ಹೆಸರಾದವರು, ಇಬ್ಬರೂ ಇನ್ನಿಂಗ್ಸ್ ಆರಂಭಿಸಬಲ್ಲವರು. ಮುಂದಿನ ಆರು ವರ್ಷಗಳಲ್ಲಿ ಆಯ್ಕೆ ಸಮಿತಿಯ ಒಲವು ಇವರಿಬ್ಬರ ನಡುವೆ ಹಲವು ಬಾರಿ ಬದಲಾಯಿತು.

1964ರ ಇಂಗ್ಲೆಂಡ್ ಸರಣಿ

1964ರ ಜನವರಿಯಲ್ಲಿ ಇಂಗ್ಲೆಂಡ್ ವಿರುದ್ಧದ ಮೊದಲ ಟೆಸ್ಟ್‌ಗೆ ಎಂಜಿನಿಯರ್ ಲಭ್ಯರಾಗದ ಕಾರಣ ಕುಂದರನ್ ಅವರಿಗೆ ಅವಕಾಶ ಒದಗಿತು. ಮದರಾಸಿನ ಈ ಪಂದ್ಯದ ಮೊದಲ ದಿನದಾಟ ಮುಗಿದಾಗ ಅವರು 170 ರನ್ ಗಳಿಸಿ ಅಜೇಯರಾಗಿದ್ದರು. ಮರುದಿನ 192 ರನ್ ಗಳಿಸಿ ಔಟಾದಾಗ ದ್ವಿಶತಕಕ್ಕೆ ಎಂಟು ರನ್ ಬಾಕಿಯಿತ್ತು. ಇನ್ನಿಂಗ್ಸ್‌ನಲ್ಲಿ 31 ಬೌಂಡರಿಗಳಿದ್ದವು. ದೆಹಲಿಯ ಟೆಸ್ಟ್‌ನಲ್ಲಿ ಮತ್ತೊಂದು ಶತಕ ದಾಖಲಿಸಿದ ಅವರು ಐದು ಪಂದ್ಯಗಳ ಸರಣಿಯಲ್ಲಿ ಒಟ್ಟು 525 ರನ್ ಕಲೆಹಾಕಿದರು. ಐದೂ ಟೆಸ್ಟ್‌ಗಳು ಡ್ರಾ ಆದವು.

ಆದರೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾ ತಂಡ ಭಾರತಕ್ಕೆ ಬಂದಾಗ ವಿಕೆಟ್ ಕೀಪಿಂಗ್ ಹೊಣೆಯನ್ನು ಕೆ. ಎಸ್. ಇಂದ್ರಜಿತ್‌ಸಿಂಹಜಿಯವರಿಗೆ ವಹಿಸಲಾಯಿತು. 192 ರನ್‌ಗಳ ಇನ್ನಿಂಗ್ಸ್ ಆಡಿದ ವರ್ಷದಲ್ಲೇ ಕುಂದರನ್ ತಂಡದಿಂದ ಹೊರಗುಳಿದರು. ಅವರ ಆ ಮೊತ್ತವನ್ನು 2013ರ ಫೆಬ್ರವರಿಯಲ್ಲಿ ಮಹೇಂದ್ರ ಸಿಂಗ್ ಧೋನಿ ಆಸ್ಟ್ರೇಲಿಯಾ ವಿರುದ್ಧ 224 ರನ್ ಗಳಿಸಿ ಮೀರಿಸಿದರು. ಆ ಪಂದ್ಯ ನಡೆದದ್ದೂ ಅದೇ ನಗರದಲ್ಲಿ. ಆ ವೇಳೆಗೆ ಮದರಾಸು ಚೆನ್ನೈ ಎಂದಾಗಿತ್ತು.

ಮೈಸೂರು ತಂಡ ಮತ್ತು ಕೊನೆಯ ಟೆಸ್ಟ್‌ಗಳು

1960ರ ದಶಕದ ಉತ್ತರಾರ್ಧದಲ್ಲಿ ಕುಂದರನ್ ಮೈಸೂರು ತಂಡದ ಪರವಾಗಿ ಆಡಿದರು. ಅವರ ಹುಟ್ಟೂರು 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮೈಸೂರು ರಾಜ್ಯಕ್ಕೆ ಸೇರಿತ್ತು. ಎರಪಳ್ಳಿ ಪ್ರಸನ್ನ, ಬಿ. ಎಸ್. ಚಂದ್ರಶೇಖರ್, ವಿ. ಸುಬ್ರಮಣ್ಯ ಮುಂತಾದವರು ಈ ತಂಡದ ಸಹ ಆಟಗಾರರು.

1966ರ ಡಿಸೆಂಬರ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಟೆಸ್ಟ್ ತಂಡಕ್ಕೆ ಮರಳಿ, ಮುಂಬಯಿಯಲ್ಲಿ 92 ನಿಮಿಷಗಳಲ್ಲಿ 79 ರನ್ ಗಳಿಸಿದರು. ಸರಣಿಯ ಮೂರನೆಯ ಪಂದ್ಯದ ಹೊತ್ತಿಗೆ ಸ್ಥಾನ ಮತ್ತೆ ಎಂಜಿನಿಯರ್ ಪಾಲಾಯಿತು.

1967ರ ಇಂಗ್ಲೆಂಡ್ ಪ್ರವಾಸದಲ್ಲಿ ಎಂಜಿನಿಯರ್ ವಿಕೆಟ್ ಕೀಪರ್ ಆಗಿದ್ದು, ಕುಂದರನ್ ಬ್ಯಾಟ್ಸ್‌ಮನ್ ಆಗಿ ಆಡಿದರು. ಲಾರ್ಡ್ಸ್‌ನಲ್ಲಿ ಎರಡನೆಯ ಇನ್ನಿಂಗ್ಸ್‌ನಲ್ಲಿ ಭಾರತ 110ಕ್ಕೆ ಕುಸಿದಾಗ ಅವರು 47 ರನ್ ಗಳಿಸಿದರು. ಎಜ್‌ಬಾಸ್ಟನ್ ಟೆಸ್ಟ್‌ಗೆ ವೇಗದ ಬೌಲರ್‌ಗಳು ಗಾಯಗೊಂಡಿದ್ದರಿಂದ ಭಾರತ ಬೇಡಿ, ಪ್ರಸನ್ನ, ಚಂದ್ರಶೇಖರ್ ಮತ್ತು ವೆಂಕಟರಾಘವನ್ ಈ ನಾಲ್ವರು ಸ್ಪಿನ್ನರ್‌ಗಳನ್ನೂ ಕಣಕ್ಕಿಳಿಸಿತು. ನಾಲ್ವರೂ ಒಟ್ಟಾಗಿ ಆಡಿದ ಏಕೈಕ ಟೆಸ್ಟ್ ಇದು. ಹೊಸ ಚೆಂಡನ್ನು ಸುಬ್ರಮಣ್ಯ ಮತ್ತು ಕುಂದರನ್ ಹಂಚಿಕೊಂಡರು. ಹೀಗೆ ವಿಕೆಟ್ ಕೀಪರ್ ಆಗಿ ತಂಡಕ್ಕೆ ಬಂದ ಆಟಗಾರರೊಬ್ಬರು ಒಂದೇ ಟೆಸ್ಟ್‌ನಲ್ಲಿ ಬ್ಯಾಟಿಂಗ್ ಮತ್ತು ಬೌಲಿಂಗ್ ಎರಡನ್ನೂ ಆರಂಭಿಸಿದಂತಾಯಿತು. ಅದೇ ಅವರ ಕೊನೆಯ ಟೆಸ್ಟ್. ಆಗ ಅವರ ವಯಸ್ಸು 27.

ಸ್ಕಾಟ್ಲೆಂಡಿನಲ್ಲಿ

1970ರಲ್ಲಿ ಕುಂದರನ್ ಸ್ಕಾಟ್ಲೆಂಡಿಗೆ ತೆರಳಿ, ಕೋಟ್‌ಬ್ರಿಜ್ ಪಟ್ಟಣದ ಡ್ರಂಪೆಲಿಯರ್ ಕ್ರಿಕೆಟ್ ಕ್ಲಬ್‌ನಲ್ಲಿ ವೃತ್ತಿಪರ ಆಟಗಾರರಾದರು. ಬ್ರಿಟನ್ನಿನ ಲೀಗ್ ಕ್ರಿಕೆಟ್‌ನಲ್ಲಿ ಕ್ಲಬ್‌ಗಳ ಸದಸ್ಯರು ಹವ್ಯಾಸಕ್ಕಾಗಿ ಆಡುತ್ತಿದ್ದರು. ವೇತನ ಪಡೆಯುವ ವೃತ್ತಿಪರ ಸಾಮಾನ್ಯವಾಗಿ ತಂಡಕ್ಕೊಬ್ಬನೇ ಇರುತ್ತಿದ್ದುದರಿಂದ ಅವನ ಮೇಲೆ ನಿರೀಕ್ಷೆ ಹೆಚ್ಚು. ಭಾರತದಲ್ಲಿ ಕ್ರಿಕೆಟ್ ಆಟವೊಂದನ್ನೇ ನಂಬಿ ಬದುಕುವಂತಿರದ ಆ ದಿನಗಳಲ್ಲಿ ಹಲವು ಆಟಗಾರರು ಈ ಲೀಗ್‌ಗಳತ್ತ ಮುಖಮಾಡಿದ್ದರು. 1980ರ ದಶಕದ ಆರಂಭದಲ್ಲಿ, ನಲವತ್ತು ದಾಟಿದ ವಯಸ್ಸಿನಲ್ಲಿ, ಕುಂದರನ್ ಬೆನ್ಸನ್ ಅಂಡ್ ಹೆಜಸ್ ಕಪ್ ಪಂದ್ಯಗಳಲ್ಲಿ ಸ್ಕಾಟ್ಲೆಂಡ್ ತಂಡವನ್ನು ಪ್ರತಿನಿಧಿಸಿದರು.

ಅಂಕಿ ಅಂಶಗಳು

ಟೆಸ್ಟ್ ಕ್ರಿಕೆಟ್‌ನಲ್ಲಿ ಕುಂದರನ್ 32.70ರ ಸರಾಸರಿಯಲ್ಲಿ 981 ರನ್ ಗಳಿಸಿದ್ದಾರೆ. ಇದರಲ್ಲಿ ಎರಡು ಶತಕ ಹಾಗೂ ಮೂರು ಅರ್ಧಶತಕಗಳಿವೆ. 23 ಕ್ಯಾಚ್ ಹಾಗೂ 7 ಸ್ಟಂಪಿಂಗ್ ಅವರ ಹೆಸರಿನಲ್ಲಿವೆ. 46 ಟೆಸ್ಟ್ ಆಡಿದ ಎಂಜಿನಿಯರ್ ಅವರ ಬ್ಯಾಟಿಂಗ್ ಸರಾಸರಿ 31.08. ಒಟ್ಟು 981 ರನ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು 1964ರ ಒಂದೇ ಸರಣಿಯಲ್ಲಿ ಬಂದವು ಎಂಬುದು ಗಮನಾರ್ಹ.

ನಿಧನ

ಶ್ವಾಸಕೋಶದ ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಕುಂದರನ್ ಜೂನ್ 23, 2006ರಂದು ಗ್ಲಾಸ್ಗೋದಲ್ಲಿ ನಿಧನರಾದರು. ಆಗ ಅವರಿಗೆ 66 ವರ್ಷ ವಯಸ್ಸಾಗಿತ್ತು.