ವಿಡಿಯೋ ಗೇಮ್: ಹವ್ಯಾಸ ಯಾವುದು, ವ್ಯಸನ ಯಾವುದು? – ಸಾರ್ವಜನಿಕರಿಗೆ ಮಾಹಿತಿ

ಸಾರಾಂಶ

ವಿಡಿಯೋ ಗೇಮ್‌ಗಳನ್ನು ಇಷ್ಟಪಟ್ಟು ಆಡುವುದಾಗಲಿ, ಪ್ರತಿದಿನ ಆಡುವುದಾಗಲಿ ತನ್ನಷ್ಟಕ್ಕೆ ವ್ಯಸನವಲ್ಲ. ಆಟದ ಮೇಲಿನ ಹಿಡಿತ ತಪ್ಪಿ, ಓದು, ಉದ್ಯೋಗ, ಕುಟುಂಬ ಅಥವಾ ಆರೋಗ್ಯಕ್ಕೆ ಗಣನೀಯ ಹಾನಿ ಉಂಟಾಗುತ್ತಿದ್ದರೂ ಆಟ ಮುಂದುವರಿದಲ್ಲಿ ಮಾತ್ರ ಅದನ್ನು ಅಸ್ವಸ್ಥತೆಯೆಂದು ಪರಿಗಣಿಸಲಾಗುತ್ತದೆ. ಈ ವ್ಯತ್ಯಾಸವನ್ನು ಗುರುತಿಸುವ ಬಗೆ, ಸಂಬಂಧಪಟ್ಟ ಕಾನೂನು ಮತ್ತು ಸಮಾಲೋಚನಾ ಸೇವೆ ಪಡೆಯುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

1. ಬಳಕೆಯ ಮಾತು ಮತ್ತು ವೈದ್ಯಕೀಯ ಅರ್ಥ

ದಿನಬಳಕೆಯ ಕನ್ನಡದಲ್ಲಿ ಹವ್ಯಾಸ, ಗೀಳು, ಹುಚ್ಚು, ಚಟ ಎಂಬ ಮಾತುಗಳು ಒಂದರ ಬದಲಿಗೆ ಒಂದು ಬಳಕೆಯಾಗುತ್ತವೆ. ನಾಟಕದ ಹುಚ್ಚು, ಕ್ರಿಕೆಟ್ ಹುಚ್ಚು ಎಂಬ ಮಾತುಗಳಲ್ಲಿ ದೂಷಣೆಗಿಂತ ಆಸಕ್ತಿಯ ತೀವ್ರತೆಯೇ ಹೆಚ್ಚು ವ್ಯಕ್ತವಾಗುತ್ತದೆ. ಇಡೀ ರಾತ್ರಿ ಎಚ್ಚರವಿದ್ದು ಯಕ್ಷಗಾನ ಬಯಲಾಟ ನೋಡುವವರನ್ನು ಯಾರೂ ರೋಗಿಗಳೆಂದು ಕರೆಯುವುದಿಲ್ಲ. ಆದರೆ ವಿಡಿಯೋ ಗೇಮ್ ಹೊಸ ಬಗೆಯ ಮನರಂಜನೆಯಾಗಿರುವುದರಿಂದ, ಅದನ್ನು ಆಡುವ ಮಕ್ಕಳು ಮತ್ತು ಯುವಜನರ ಬಗ್ಗೆ ‘ಚಟ ಹತ್ತಿದೆ’ ಎಂಬ ಮಾತು ಬೇಗನೆ ಕೇಳಿಬರುತ್ತದೆ.

ವೈದ್ಯಕೀಯದಲ್ಲಿ ವ್ಯಸನ ಎಂಬುದು ಆಸಕ್ತಿಯ ಅಳತೆಯಲ್ಲ. ಅದು ನಿಯಂತ್ರಣ ತಪ್ಪಿರುವುದರ ಮತ್ತು ಅದರಿಂದಾದ ಹಾನಿಯ ಅಳತೆಯಾಗಿರುತ್ತದೆ. ಎರಡನ್ನೂ ಒಂದೆಂದು ಭಾವಿಸಿದಲ್ಲಿ ಎರಡು ಬಗೆಯ ತೊಂದರೆ ಸಂಭವಿಸುತ್ತದೆ. ಆರೋಗ್ಯವಂತ ಮಗು ವ್ಯಸನಿ ಎಂಬ ಹಣೆಪಟ್ಟಿ ಹೊರಬೇಕಾಗುತ್ತದೆ. ನಿಜವಾಗಿ ನೆರವು ಬೇಕಾದವರ ಸಂಕಟವು ‘ಎಲ್ಲ ಮಕ್ಕಳೂ ಆಡುತ್ತಾರೆ’ ಎಂಬ ಮಾತಿನಲ್ಲಿ ಮರೆಯಾಗುತ್ತದೆ.

2. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ 11ನೆಯ ಆವೃತ್ತಿಯನ್ನು (ಐಸಿಡಿ-11) 2019ರ ಮೇ ತಿಂಗಳಿನಲ್ಲಿ ವಿಶ್ವ ಆರೋಗ್ಯ ಸಭೆಯು ಅಂಗೀಕರಿಸಿತು. ಅದು 2022ರ ಜನವರಿ 1ರಿಂದ ಜಾರಿಗೆ ಬಂದಿರುತ್ತದೆ. ಇದರಲ್ಲಿ ‘ಗೇಮಿಂಗ್ ಅಸ್ವಸ್ಥತೆ’ಯನ್ನು 6ಸಿ51 ಎಂಬ ಸಂಕೇತದಡಿ ಸೇರಿಸಲಾಗಿದೆ. ಇದನ್ನು ಗುರುತಿಸಲು ಕೆಳಗಿನ ಮೂರೂ ಲಕ್ಷಣಗಳು ಕಂಡುಬರಬೇಕು:

(ಅ) ಆಟವನ್ನು ಯಾವಾಗ ಆರಂಭಿಸಬೇಕು, ಎಷ್ಟು ಹೊತ್ತು ಆಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದರ ಮೇಲಿನ ನಿಯಂತ್ರಣ ಕುಂದಿರುವುದು.

(ಆ) ಇತರ ಆಸಕ್ತಿಗಳು ಮತ್ತು ದೈನಂದಿನ ಕೆಲಸಗಳಿಗಿಂತ ಆಟಕ್ಕೇ ಹೆಚ್ಚುಹೆಚ್ಚು ಪ್ರಾಶಸ್ತ್ಯ ದೊರೆಯುತ್ತಾ ಹೋಗುವುದು.

(ಇ) ದುಷ್ಪರಿಣಾಮಗಳು ಕಾಣಿಸಿಕೊಂಡ ನಂತರವೂ ಆಟ ಮುಂದುವರಿಯುವುದು ಅಥವಾ ಹೆಚ್ಚಾಗುವುದು.

ಇದರೊಂದಿಗೆ ವೈಯಕ್ತಿಕ, ಕೌಟುಂಬಿಕ, ಸಾಮಾಜಿಕ, ಶೈಕ್ಷಣಿಕ ಅಥವಾ ಔದ್ಯೋಗಿಕ ಜೀವನಕ್ಕೆ ಗಣನೀಯ ತೊಂದರೆ ಅಥವಾ ತೀವ್ರ ಸಂಕಟ ಉಂಟಾಗಿರಬೇಕು. ಸಾಮಾನ್ಯವಾಗಿ ಈ ಸ್ಥಿತಿಯು ಕನಿಷ್ಠ 12 ತಿಂಗಳ ಕಾಲ ಕಂಡುಬಂದಿರಬೇಕು. ಎಲ್ಲ ಲಕ್ಷಣಗಳೂ ತೀವ್ರವಾಗಿದ್ದಲ್ಲಿ ಈ ಅವಧಿಯನ್ನು ಕಡಿಮೆ ಮಾಡಲು ವೈದ್ಯರಿಗೆ ಅವಕಾಶವಿರುತ್ತದೆ.

ಬೇಸರ ಕಳೆಯಲು, ಮನಸ್ಸಿನ ಉಲ್ಲಾಸಕ್ಕಾಗಿ, ಕೌಶಲ ಬೆಳೆಸಿಕೊಳ್ಳಲು ಅಥವಾ ಸ್ನೇಹಿತರೊಡನೆ ಬೆರೆಯಲು ದಿನವೂ ಆಡುವುದು ಅಸ್ವಸ್ಥತೆಯನ್ನು ಗುರುತಿಸಲು ಸಾಕಾಗುವುದಿಲ್ಲ ಎಂದು ಇದೇ ವರ್ಗೀಕರಣದ ಮಾರ್ಗಸೂಚಿಯು ಸ್ಪಷ್ಟಪಡಿಸುತ್ತದೆ.

3. ಆಟದ ಅವಧಿಯನ್ನು ಮಾತ್ರ ಆಧರಿಸಿ ನಿರ್ಧರಿಸಬಹುದೇ?

ಇಂತಿಷ್ಟು ಗಂಟೆ ಮೀರಿದರೆ ವ್ಯಸನ ಎಂಬ ಮಿತಿಯನ್ನು ಐಸಿಡಿ-11 ನಿಗದಿಪಡಿಸಿಲ್ಲ. ಕೆಲವು ದೇಶಗಳು ಮಕ್ಕಳ ಆಟದ ವೇಳೆಯನ್ನು ಕಾನೂನಿನ ಮೂಲಕ ಮಿತಿಗೊಳಿಸಿರುವುದುಂಟು. ಚೀನಾ ದೇಶವು 2021ರಲ್ಲಿ 18 ವರ್ಷದೊಳಗಿನವರ ಆನ್‌ಲೈನ್ ಆಟವನ್ನು ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಂದು ರಾತ್ರಿ 8ರಿಂದ 9ರವರೆಗಿನ ಒಂದು ಗಂಟೆಗೆ ಸೀಮಿತಗೊಳಿಸಿತು. ದಕ್ಷಿಣ ಕೊರಿಯಾವು 16 ವರ್ಷದೊಳಗಿನವರು ಮಧ್ಯರಾತ್ರಿಯಿಂದ ಬೆಳಿಗ್ಗೆ 6ರವರೆಗೆ ಆನ್‌ಲೈನ್ ಆಟ ಆಡದಂತೆ 2011ರಲ್ಲಿ ನಿರ್ಬಂಧ ವಿಧಿಸಿ, 2022ರ ಜನವರಿಯಿಂದ ಅದನ್ನು ಕೈಬಿಟ್ಟಿತು. ಇವು ಆಡಳಿತಾತ್ಮಕ ಕ್ರಮಗಳೇ ಹೊರತು ರೋಗವನ್ನು ಗುರುತಿಸುವ ಅಳತೆಗಳಲ್ಲ.

ತಿಳಿವಳಿಕೆಗಾಗಿ ಎರಡು ಕಾಲ್ಪನಿಕ ಉದಾಹರಣೆಗಳನ್ನು ನೀಡಲಾಗಿದೆ.

ಉದಾಹರಣೆ 1: ಒಬ್ಬ ಕಚೇರಿ ನೌಕರರು ಪ್ರತಿ ರಾತ್ರಿ ಮೂರು ಗಂಟೆ ಸ್ನೇಹಿತರೊಡನೆ ಆನ್‌ಲೈನ್ ಆಟ ಆಡುತ್ತಾರೆ. ಕಚೇರಿಗೆ ವೇಳೆಗೆ ಸರಿಯಾಗಿ ಹಾಜರಾಗುತ್ತಾರೆ. ಮನೆಯಲ್ಲಿ ಯಾರಿಗಾದರೂ ಅನಾರೋಗ್ಯವಾದಾಗ ವಾರಗಟ್ಟಲೆ ಆಟದ ಗೋಜಿಗೆ ಹೋಗುವುದಿಲ್ಲ. ಇದು ಹವ್ಯಾಸ.

ಉದಾಹರಣೆ 2: ದ್ವಿತೀಯ ಪಿಯುಸಿ ವಿದ್ಯಾರ್ಥಿಯೊಬ್ಬನು ದಿನಕ್ಕೆ ಸುಮಾರು ಎರಡು ಗಂಟೆ ಆಡುತ್ತಾನೆ. ಆಡುವ ಸಲುವಾಗಿ ಪದೇಪದೇ ತರಗತಿ ತಪ್ಪಿಸಿ, ಮನೆಯವರಿಗೆ ಸುಳ್ಳು ಹೇಳುತ್ತಾನೆ. ಮೂರು ಬಾರಿ ತಾನೇ ಆಟವನ್ನು ಮೊಬೈಲ್‌ನಿಂದ ತೆಗೆದುಹಾಕಿ, ಮತ್ತೆ ಹಾಕಿಕೊಂಡಿದ್ದಾನೆ. ಮೊದಲು ಪ್ರಿಯವಾಗಿದ್ದ ಕಬಡ್ಡಿ ಅಭ್ಯಾಸವನ್ನು ಬಿಟ್ಟಿದ್ದಾನೆ. ಒಂದು ವರ್ಷದಿಂದ ಇದೇ ಸ್ಥಿತಿಯಿದೆ. ಗಂಟೆಗಳ ಲೆಕ್ಕದಲ್ಲಿ ಇದು ಮೊದಲನೆಯದಕ್ಕಿಂತ ಕಡಿಮೆ. ಆದರೆ ತಜ್ಞರ ಸಲಹೆ ಅಗತ್ಯವಿರುವುದು ಈ ವಿದ್ಯಾರ್ಥಿಗೆ.

4. ತಜ್ಞರಲ್ಲಿರುವ ಭಿನ್ನಾಭಿಪ್ರಾಯ

ಅಮೆರಿಕದ ಮನೋವೈದ್ಯಕೀಯ ಸಂಘವು 2013ರಲ್ಲಿ ಪ್ರಕಟಿಸಿದ ಡಿಎಸ್‌ಎಂ-5 ಕೈಪಿಡಿಯು ‘ಇಂಟರ್ನೆಟ್ ಗೇಮಿಂಗ್ ಅಸ್ವಸ್ಥತೆ’ಯನ್ನು ಹೆಚ್ಚಿನ ಅಧ್ಯಯನ ಅಗತ್ಯವಿರುವ ಸ್ಥಿತಿಗಳ ಪಟ್ಟಿಯಲ್ಲಿ ಇರಿಸಿತು. 2022ರ ಪರಿಷ್ಕೃತ ಆವೃತ್ತಿಯಲ್ಲಿಯೂ ಅದು ಅದೇ ಪಟ್ಟಿಯಲ್ಲಿದೆ. ಅದರ ಪ್ರಕಾರ ಒಂಬತ್ತು ಲಕ್ಷಣಗಳ ಪೈಕಿ ಐದು ಅಥವಾ ಹೆಚ್ಚು ಲಕ್ಷಣಗಳು 12 ತಿಂಗಳ ಅವಧಿಯಲ್ಲಿ ಕಂಡುಬರಬೇಕು.

ಅಸ್ವಸ್ಥತೆಯ ಹೆಸರಿನಲ್ಲಿ ಆರೋಗ್ಯವಂತ ಆಟಗಾರರಿಗೂ ಕಳಂಕ ತಗಲುವ ಅಪಾಯವಿದೆಯೆಂದು ಹಲವು ಸಂಶೋಧಕರು 2017ರ ಬಹಿರಂಗ ಚರ್ಚಾ ಲೇಖನವೊಂದರಲ್ಲಿ ಆಕ್ಷೇಪಿಸಿದ್ದರು. ಚಿಕಿತ್ಸೆ ಅರಸಿ ಬರುವವರಿಗೆ ನೆರವು ದೊರೆಯಬೇಕಾದರೆ ಸ್ಪಷ್ಟ ವ್ಯಾಖ್ಯೆ ಅಗತ್ಯವೆಂಬುದು ಇನ್ನೊಂದು ಪಕ್ಷದ ವಾದ. ತೀವ್ರ ಆಸಕ್ತಿ ಬೇರೆ, ವ್ಯಸನ ಬೇರೆ ಎಂಬುದನ್ನು ಉಭಯ ಪಕ್ಷಗಳೂ ಒಪ್ಪುತ್ತವೆ. 2007ರಷ್ಟು ಹಿಂದೆಯೇ ಚಾರ್ಲ್‌ಟನ್ ಮತ್ತು ಡ್ಯಾನ್‌ಫೋರ್ತ್ ಎಂಬ ಸಂಶೋಧಕರು, ಆಟದ ಬಗ್ಗೆ ಸದಾ ಯೋಚಿಸುವುದು ಮತ್ತು ಆಟದಿಂದ ಉಲ್ಲಾಸ ಪಡೆಯುವುದು ಉತ್ಸಾಹಿ ಆಟಗಾರರಲ್ಲಿಯೂ ಕಂಡುಬರುತ್ತದೆಂದು ತೋರಿಸಿದ್ದರು. ಜೀವನದ ಇತರ ಭಾಗಗಳೊಂದಿಗೆ ಸಂಘರ್ಷ, ಬಿಡಲಾರದ ಚಡಪಡಿಕೆ ಮತ್ತು ಬಿಟ್ಟ ನಂತರ ಮರಳಿ ಹಿಡಿಯುವುದು ವ್ಯಸನದ ಮುಖ್ಯ ಗುರುತುಗಳೆಂದು ಅವರು ಪ್ರತಿಪಾದಿಸಿದರು.

5. ಎಷ್ಟು ಜನರಲ್ಲಿ ಕಂಡುಬರುತ್ತದೆ?

ಆಟವಾಡುವವರ ಪೈಕಿ ಅಲ್ಪ ಪ್ರಮಾಣದ ಜನರಲ್ಲಿ ಮಾತ್ರ ಈ ಅಸ್ವಸ್ಥತೆ ಕಂಡುಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. 17 ದೇಶಗಳ 53 ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ ಇದರ ಪ್ರಮಾಣ ಶೇ. 3.05 ಎಂದು ಕಂಡುಬಂದಿತು. ಹೆಚ್ಚು ಕಟ್ಟುನಿಟ್ಟಾದ ಅಧ್ಯಯನಗಳನ್ನು ಮಾತ್ರ ಪರಿಗಣಿಸಿದಾಗ ಅದು ಶೇ. 1.96ಕ್ಕೆ ಇಳಿಯಿತು. ಪ್ರಮಾಣ ಕಡಿಮೆಯಿದ್ದರೂ, ಬಾಧಿತರಾದವರ ಮತ್ತು ಅವರ ಕುಟುಂಬದವರ ಸಂಕಟ ಕಡಿಮೆಯೆಂದು ಭಾವಿಸತಕ್ಕದ್ದಲ್ಲ.

6. ಹಣ ಪಣಕ್ಕಿಡುವ ಆಟಗಳು

ಹಣ ಕಟ್ಟಿ, ಹಣ ಗೆಲ್ಲುವ ನಿರೀಕ್ಷೆಯಿಂದ ಆಡುವ ಆಟಗಳನ್ನು ಸಾಮಾನ್ಯ ವಿಡಿಯೋ ಗೇಮ್‌ಗಳೊಂದಿಗೆ ಸೇರಿಸಿ ನೋಡಬಾರದು. ಐಸಿಡಿ-11ರಲ್ಲಿ ಜೂಜಿನ ಅಸ್ವಸ್ಥತೆಗೆ 6ಸಿ50 ಎಂಬ ಪ್ರತ್ಯೇಕ ಸಂಕೇತವಿದೆ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯು ಇ-ಸ್ಪೋರ್ಟ್ಸ್, ಆನ್‌ಲೈನ್ ಸಾಮಾಜಿಕ ಆಟಗಳು ಮತ್ತು ಆನ್‌ಲೈನ್ ಹಣದ ಆಟಗಳೆಂದು ಮೂರು ವರ್ಗಗಳನ್ನು ಮಾಡಿದೆ. ಮೊದಲ ಎರಡನ್ನು ಉತ್ತೇಜಿಸುವುದು ಮತ್ತು ಹಣದ ಆಟಗಳನ್ನು ಒದಗಿಸುವುದನ್ನು ನಿಷೇಧಿಸುವುದು ಅದರ ಉದ್ದೇಶ. ಸಾಲ ಮಾಡಿ ಅಥವಾ ಮನೆಯ ಹಣ ತೆಗೆದು ಆಡುತ್ತಿರುವುದು ಕಂಡುಬಂದಲ್ಲಿ 12 ತಿಂಗಳು ಕಾಯದೆ ಕೂಡಲೇ ಸಲಹೆ ಪಡೆಯುವುದು ಸೂಕ್ತ.

7. ಕಾನೂನು ನೀಡಿರುವ ರಕ್ಷಣೆ

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಕೆಳಗಿನ ಅಂಶಗಳನ್ನು ನಾಗರಿಕರು ತಿಳಿದಿರಬೇಕು:

• ಪ್ರಕರಣ 3: ಮಾನಸಿಕ ಕಾಯಿಲೆಯನ್ನು ಅಂಗೀಕೃತ ವೈದ್ಯಕೀಯ ಮಾನದಂಡಗಳಂತೆ ನಿರ್ಧರಿಸತಕ್ಕದ್ದು. ಸಮುದಾಯದಲ್ಲಿ ರೂಢಿಯಲ್ಲಿರುವ ನೈತಿಕ, ಸಾಮಾಜಿಕ ಅಥವಾ ಸಾಂಸ್ಕೃತಿಕ ಮೌಲ್ಯಗಳಿಗೆ ಒಬ್ಬರು ಹೊಂದಿಕೊಳ್ಳುವುದಿಲ್ಲವೆಂಬ ಕಾರಣಕ್ಕೆ ಅವರಿಗೆ ಮಾನಸಿಕ ಕಾಯಿಲೆಯಿದೆಯೆಂದು ತೀರ್ಮಾನಿಸುವಂತಿಲ್ಲ. ಹಿರಿಯರಿಗೆ ಹಿಡಿಸದ ಹವ್ಯಾಸವೆಂಬ ಒಂದೇ ಕಾರಣದಿಂದ ಆಟವು ಕಾಯಿಲೆಯಾಗುವುದಿಲ್ಲ.

• ಪ್ರಕರಣ 18: ಸರ್ಕಾರ ನಡೆಸುವ ಅಥವಾ ಅನುದಾನ ನೀಡುವ ಸಂಸ್ಥೆಗಳಲ್ಲಿ ಮಾನಸಿಕ ಆರೋಗ್ಯ ಆರೈಕೆ ಪಡೆಯುವ ಹಕ್ಕು ಪ್ರತಿಯೊಬ್ಬರಿಗೂ ಇದೆ.

• ಪ್ರಕರಣ 65: ನೋಂದಣಿಯಿಲ್ಲದೆ ಯಾವುದೇ ಮಾನಸಿಕ ಆರೋಗ್ಯ ಸಂಸ್ಥೆಯನ್ನು ನಡೆಸುವಂತಿಲ್ಲ. ಯಾವುದೇ ಕೇಂದ್ರಕ್ಕೆ ದಾಖಲಿಸುವ ಮೊದಲು ನೋಂದಣಿಯನ್ನು ಪರಿಶೀಲಿಸತಕ್ಕದ್ದು.

• ಪ್ರಕರಣ 87: ಅಪ್ರಾಪ್ತ ವಯಸ್ಕರನ್ನು ಪೋಷಕರ ಕೋರಿಕೆಯೊಂದರಿಂದಲೇ ಒಳರೋಗಿಯಾಗಿ ದಾಖಲಿಸಲಾಗದು. ಒಬ್ಬ ಮನೋವೈದ್ಯರೂ ಸೇರಿದಂತೆ ಇಬ್ಬರು ತಜ್ಞರು ಪ್ರತ್ಯೇಕವಾಗಿ ಪರೀಕ್ಷಿಸಿ, ದಾಖಲಾತಿ ಅನಿವಾರ್ಯವೆಂದು ಅಭಿಪ್ರಾಯಪಟ್ಟಿರಬೇಕು.

• ಪ್ರಕರಣ 95: ಮಾನಸಿಕ ಕಾಯಿಲೆ ಇರುವವರನ್ನು ಯಾವುದೇ ರೀತಿಯಲ್ಲಿ ಸರಪಳಿಯಿಂದ ಬಂಧಿಸುವುದನ್ನು ನಿಷೇಧಿಸಲಾಗಿದೆ.

8. ಪೋಷಕರು ಗಮನಿಸಬೇಕಾದ ಅಂಶಗಳು

• ನಿದ್ರೆ, ಊಟ, ಹಾಜರಾತಿ, ಸ್ನೇಹಿತರ ಒಡನಾಟ – ಇವುಗಳಲ್ಲಿ ಬದಲಾವಣೆಯಾಗಿದೆಯೇ ಎಂಬುದನ್ನು ಮೊದಲು ಗಮನಿಸುವುದು.

• ಮಗು ಯಾವ ಆಟ ಆಡುತ್ತಿದೆ, ಯಾರೊಡನೆ ಆಡುತ್ತಿದೆ, ಅದರಲ್ಲಿ ಏನು ಇಷ್ಟವಾಗುತ್ತದೆ ಎಂಬುದನ್ನು ಕೇಳಿ ತಿಳಿಯುವುದು.

• ಆಟದ ವೇಳೆಯನ್ನು ಮಗುವಿನೊಡನೆ ಚರ್ಚಿಸಿ ನಿಗದಿಪಡಿಸುವುದು. ಆಟದ ನಡುವೆ ಮೊಬೈಲ್ ಕಸಿದುಕೊಂಡಾಗ ಬರುವ ಕೋಪವೊಂದನ್ನೇ ವ್ಯಸನದ ಪುರಾವೆಯೆಂದು ಭಾವಿಸದಿರುವುದು.

• ಆಟ ಒಮ್ಮೆಗೇ ಹೆಚ್ಚಾಗಿದ್ದಲ್ಲಿ ಅದರ ಹಿಂದಿನ ಕಾರಣವನ್ನು ಹುಡುಕುವುದು. ಶಾಲೆಯಲ್ಲಿ ಪೀಡನೆ, ಕಲಿಕೆಯ ತೊಡಕು, ಖಿನ್ನತೆ ಅಥವಾ ಆತಂಕದಿಂದ ಬಳಲುವವರು ಆಟದಲ್ಲಿ ಆಶ್ರಯ ಪಡೆಯುವುದುಂಟು. ಅಂತಹ ಸಂದರ್ಭದಲ್ಲಿ ಆಟವನ್ನು ಮಾತ್ರ ನಿಲ್ಲಿಸಿದರೆ ಮೂಲ ಸಮಸ್ಯೆ ಹಾಗೆಯೇ ಉಳಿಯುತ್ತದೆ.

9. ಸೇವೆ ಪಡೆಯುವ ವಿಧಾನ

(ಅ) ದೂರವಾಣಿ ಸಮಾಲೋಚನೆ: ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸೇವೆಯನ್ನು 14416 ಸಂಖ್ಯೆಗೆ ಕರೆ ಮಾಡಿ ದಿನದ 24 ಗಂಟೆಯೂ ಉಚಿತವಾಗಿ ಪಡೆಯಬಹುದಾಗಿದೆ. ಕನ್ನಡದಲ್ಲಿ ಮಾತನಾಡಲು ಅವಕಾಶವಿದೆ. ಇದಕ್ಕೆ ಯಾವುದೇ ಅರ್ಜಿ ಸಲ್ಲಿಸಬೇಕಾಗಿಲ್ಲ.

(ಆ) ಜಿಲ್ಲಾ ಮಟ್ಟ: ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗವನ್ನು ಸಂಪರ್ಕಿಸಬಹುದು.

(ಇ) ವಿಶೇಷ ಚಿಕಿತ್ಸಾಲಯ: ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ತಂತ್ರಜ್ಞಾನದ ಅತಿಬಳಕೆಯಿಂದ ಬಳಲುವವರಿಗಾಗಿ 2014ರಲ್ಲಿ ‘ಶಟ್’ ಎಂಬ ಹೆಸರಿನ ಚಿಕಿತ್ಸಾಲಯವನ್ನು ಆರಂಭಿಸಿತು. ತಂತ್ರಜ್ಞಾನವನ್ನು ಪೂರ್ಣವಾಗಿ ತ್ಯಜಿಸುವುದಕ್ಕಿಂತ ಅದರ ಆರೋಗ್ಯಕರ ಬಳಕೆಯನ್ನು ರೂಢಿಸುವುದು ಅದರ ಗುರಿಯಾಗಿದೆ.

(ಈ) ತುರ್ತು ಸಂದರ್ಭ: ಯಾರಾದರೂ ಪ್ರಾಣ ಕಳೆದುಕೊಳ್ಳುವ ಮಾತನಾಡಿದಲ್ಲಿ ಅದನ್ನು ಹಗುರವಾಗಿ ಪರಿಗಣಿಸದೆ, ಅವರನ್ನು ಒಂಟಿಯಾಗಿ ಬಿಡದೆ, ಕೂಡಲೇ 14416 ಅಥವಾ 112ಕ್ಕೆ ಕರೆ ಮಾಡತಕ್ಕದ್ದು.

10. ಪದೇಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ರಜೆಯಲ್ಲಿ ಮಗ ದಿನಕ್ಕೆ ಐದು ಗಂಟೆ ಆಡುತ್ತಾನೆ. ಇದು ವ್ಯಸನವೇ?
ಉತ್ತರ: ಅಷ್ಟರಿಂದಲೇ ಹಾಗೆಂದು ಹೇಳಲಾಗದು. ರಜೆಯಲ್ಲಿ ಆಟ ಹೆಚ್ಚುವುದು ಸಾಮಾನ್ಯ. ಶಾಲೆ ಆರಂಭವಾದ ನಂತರ ಅದು ತಾನಾಗಿ ಕಡಿಮೆಯಾಗುವುದೇ ಎಂಬುದನ್ನು ಗಮನಿಸಬೇಕು. ಆದಾಗ್ಯೂ ನಿದ್ರೆ, ಕಣ್ಣಿನ ವಿಶ್ರಾಂತಿ ಮತ್ತು ದೈಹಿಕ ಚಟುವಟಿಕೆಗೆ ವೇಳೆ ಉಳಿಯುವಂತೆ ನೋಡಿಕೊಳ್ಳುವುದು ಒಳಿತು.

ಪ್ರಶ್ನೆ: ಇ-ಸ್ಪೋರ್ಟ್ಸ್ ಸ್ಪರ್ಧೆಗಾಗಿ ಅಭ್ಯಾಸ ಮಾಡುವವರನ್ನು ವ್ಯಸನಿಗಳೆನ್ನಬಹುದೇ?
ಉತ್ತರ: ಇಲ್ಲ. 2023ರಲ್ಲಿ ಚೀನಾದ ಹ್ಯಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಸ್ಪೋರ್ಟ್ಸ್ ಪದಕ ಸ್ಪರ್ಧೆಯಾಗಿತ್ತು. ಆದರೆ ಸ್ಪರ್ಧೆಯ ಹೆಸರಿನಲ್ಲಿ ಓದು ಮತ್ತು ಆರೋಗ್ಯ ಹಾಳಾಗುತ್ತಿದ್ದರೆ ಮೇಲಿನ ಮಾನದಂಡಗಳೇ ಅನ್ವಯಿಸುತ್ತವೆ.

ಪ್ರಶ್ನೆ: ಸಮಾಲೋಚನೆ ಪಡೆದ ವಿಷಯ ಶಾಲೆಗೆ ಅಥವಾ ಕಚೇರಿಗೆ ತಿಳಿಯುವುದೇ?
ಉತ್ತರ: ಕಾಯ್ದೆಯ ಪ್ರಕರಣ 23ರಂತೆ ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡತಕ್ಕದ್ದು. ಇತರರಿಗೆ ಹಾನಿಯನ್ನು ತಡೆಯಲು ಅಥವಾ ನ್ಯಾಯಾಲಯದ ಆದೇಶದಂತೆ ಬಹಿರಂಗಪಡಿಸುವಂತಹ ಕೆಲವು ವಿನಾಯಿತಿಗಳು ಮಾತ್ರ ಇರುತ್ತವೆ.

ಪ್ರಶ್ನೆ: ಇದಕ್ಕೆ ಔಷಧವಿದೆಯೇ?
ಉತ್ತರ: ಈ ಅಸ್ವಸ್ಥತೆಗೆಂದೇ ಮೀಸಲಾದ ಔಷಧವಿಲ್ಲ. ಸಮಾಲೋಚನೆ ಮತ್ತು ವರ್ತನೆಯನ್ನು ತಿದ್ದುವ ಮನೋಚಿಕಿತ್ಸೆ ಮುಖ್ಯ ವಿಧಾನಗಳಾಗಿವೆ. ಜೊತೆಗೆ ಖಿನ್ನತೆಯಂತಹ ಕಾಯಿಲೆ ಇದ್ದಲ್ಲಿ ಅದಕ್ಕೆ ವೈದ್ಯರು ಔಷಧ ಸೂಚಿಸಬಹುದು.

ಸೂಚನೆ: ಈ ಮಾಹಿತಿಯನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ನೀಡಲಾಗಿದೆ. ಒಬ್ಬ ವ್ಯಕ್ತಿಗೆ ಅಸ್ವಸ್ಥತೆ ಇದೆಯೇ ಇಲ್ಲವೇ ಎಂಬುದನ್ನು ಅರ್ಹ ತಜ್ಞರು ಮಾತ್ರ ಪರೀಕ್ಷಿಸಿ ನಿರ್ಧರಿಸತಕ್ಕದ್ದು.