ಪೆಡಲುಗಳ ಸಾಲು, ನಾದದ ಹಾದಿ

ಗಿಟಾರ್ ಪೆಡಲುಗಳ ಚರಿತ್ರೆಯಲ್ಲಿ ಕೆಟ್ಟುಹೋದ ಒಂದು ಯಂತ್ರಕ್ಕೆ ದೊಡ್ಡ ಪಾತ್ರವಿದೆ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಗಾಯಕ ಮಾರ್ಟಿ ರಾಬಿನ್ಸ್ ಅವರ ‘ಡೋಂಟ್ ವರಿ’ ಹಾಡಿನ ಧ್ವನಿಮುದ್ರಣದ ವೇಳೆ ಮಿಕ್ಸಿಂಗ್ ಕನ್ಸೋಲಿನ ದೋಷದಿಂದ ಗ್ರೇಡಿ ಮಾರ್ಟಿನ್ ನುಡಿಸಿದ ಬೇಸ್ ಒರಟಾಗಿ ಗುರುಗುಟ್ಟಿತು. 1961ರಲ್ಲಿ ಆ ಹಾಡು ಮನೆಮಾತಾಯಿತು. ಎಂಜಿನಿಯರ್ ಗ್ಲೆನ್ ಸ್ನಾಡಿ ಅದೇ ನಾದವನ್ನು ಟ್ರಾನ್ಸಿಸ್ಟರುಗಳಿಂದ ಹೊರಡಿಸಿದರು; 1962ರಲ್ಲಿ ಅದು ‘ಮಾಸ್ಟ್ರೋ ಫಝ್-ಟೋನ್’ ಪೆಡಲ್ ಆಗಿ ಮಾರುಕಟ್ಟೆಗೆ ಬಂತು. 1965ರಲ್ಲಿ ಗಿಟಾರ್ ವಾದಕ ಕೀತ್ ರಿಚರ್ಡ್ಸ್ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿಗೆ ಅದನ್ನು ಬಳಸಿದ ಮೇಲೆ ಎಲ್ಲಿಲ್ಲದ ಬೇಡಿಕೆ.

ಆ ದಶಕ ಮುಗಿಯುವಷ್ಟರಲ್ಲಿ ವಾದಕರ ಕಾಲಬುಡದಲ್ಲಿ ಪೆಡಲುಗಳು ಸಾಲುಗಟ್ಟಿದವು. ತೊಂದರೆಯೂ ಜೊತೆಗೇ ಬಂತು.

ಗಿಟಾರಿನ ಪಿಕಪ್ ಹೊರಡಿಸುವ ಸಿಗ್ನಲ್ ಬಲು ನಾಜೂಕು. ಪೆಡಲುಗಳು ಹೆಚ್ಚಿ ಕೇಬಲ್ ಉದ್ದವಾದಷ್ಟೂ ಅದರ ಕೆಪಾಸಿಟೆನ್ಸ್ ಹೆಚ್ಚಿ, ಮೇಲಿನ ಆವರ್ತನಗಳು ಕುಗ್ಗಿ, ನಾದ ಮಂಕಾಗುತ್ತದೆ. 1970ರ ದಶಕದಲ್ಲಿ ಇಂಗ್ಲೆಂಡಿನ ಪೀಟ್ ಕಾರ್ನಿಶ್, ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ ಅವರಂಥವರಿಗೆ ಪೆಡಲ್‌ಬೋರ್ಡ್ ಕಟ್ಟಿಕೊಟ್ಟಾಗ ಬಫರ್ ಸರ್ಕ್ಯೂಟುಗಳಿಂದ ಈ ನಷ್ಟವನ್ನು ತಡೆದರು. ಜಪಾನಿನ ಬಾಸ್ ಕಂಪನಿ 1977ರಲ್ಲಿ ಹೊರತಂದ ಪುಟ್ಟ ಪೆಡಲುಗಳಲ್ಲೂ ಬಫರ್ ಇತ್ತು.

ಆದರೆ 1966ರ ‘ಫಝ್ ಫೇಸ್’ ಎಂಬ ಫಝ್ ಪೆಡಲಿಗೆ ಗಿಟಾರಿನ ನೇರ ನಂಟೇ ಬೇಕು; ನಡುವೆ ಬಫರ್ ಬಂದರೆ ದನಿ ಕರ್ಕಶವಾಗುತ್ತದೆ. ಹಾಗಾಗಿಯೇ ಇಂದಿಗೂ ಅನೇಕರ ಬೋರ್ಡಿನಲ್ಲಿ ಫಝ್ ಮೊದಲು, ಬಫರ್ ಅದರ ನಂತರ, ಪ್ರತಿಧ್ವನಿ ಕೊಡುವ ಡಿಲೇ ಮತ್ತು ರಿವರ್ಬ್ ಕೊನೆಗೆ.